ಗುಡ್ಡದ ಸೈಕಲ್ಲಿಗೆ ಎಷ್ಟು ಗಾಳಿ?

“ಗಾಳಿ ಇಳಿಸ್ರಿ ಅಂತ ಹೇಳ್ತೀರಲ್ರಿ ಸರ, ಜಲ್ಮ ಪೂರಾ ಗಾಳಿ ತುಂಬೇ ಹೊಟ್ಟಿ ತುಂಬ್ಕೊಂಡೀನಿ ನಾನು!”

ಲಿಂಗಸುಗೂರಿನ ಹಳೆಯ ಸೈಕಲ್ ಅಂಗಡಿಯೊಂದರ ಯಜಮಾನರು ಹೀಗೆ ತಕರಾರು ತೆಗೆದರು. ಒಂದು ಕಾಲಕ್ಕೆ ತಾಸಿಗಿಷ್ಟು ಎಂದು ಸೈಕಲ್ ಬಾಡಿಗೆ ಕೊಡುತ್ತಿದ್ದ ಅಂಗಡಿ. ಈಗ ಪಂಕ್ಚರ್, ಗಾಳಿ, ಮಕ್ಕಳ ಗೇರ್ ಸೈಕಲ್ಲಿನ ರಿಪೇರಿ. ಎದುರಿನ ಸ್ಟೂಲಿನ ಮೇಲೆ ಕೂತವರು ತಾಲ್ಲೂಕಿನ ಹೈಸ್ಕೂಲೊಂದರ ದೈಹಿಕ ಶಿಕ್ಷಕರು, ಮೂಲತಃ ಗದಗಿನ ಕಡೆಯವರು. ಏಳೆಂಟು ಹುಡುಗ-ಹುಡುಗಿಯರನ್ನು ಕೂಡಿಸಿ ಮೌಂಟನ್ ಬೈಕ್ ತಂಡ ಕಟ್ಟಿ, ಈ ಹಂಗಾಮಿನಿಂದಲೇ ರೇಸಿಗೆ ಇಳಿಸಬೇಕೆಂಬುದು ಅವರ ಹಟ. ಯಜಮಾನರಿಗೆ ಹಟದ ಬಗ್ಗೆ ಆಕ್ಷೇಪವಿರಲಿಲ್ಲ, ಗಾಳಿಯ ಬಗ್ಗೆ ಇತ್ತು.

“ಕಾಕಾ, ಡಾಂಬರ್ ಮ್ಯಾಲ ಓಡೋ ಸೈಕಲ್ಲಿಗೆ ಗಟ್ಟಿ ಗಾಳಿ ಬೇಕ್ರಿ, ಒಪ್ತೀನಿ. ಗುಡ್ಡದಾಗ ಕಲ್ಲು ಹತ್ತುವಾಗ ಗಟ್ಟಿ ಟಾಯರ್ ಪುಟೀತೈತಿ. ಪುಟಿದ್ರ ನೆಲ ಬಿಡ್ತೈತಿ, ನೆಲ ಬಿಟ್ಟ್ರ ಹಿಡಿತ ಹೋತು. ಟಾಯರ್ ಒಂದೀಟು ಮೆತ್ತಗಿದ್ದು ಕಲ್ಲನ್ನ ಅಪ್ಪಿಕೊಂಡು ಹೋಗ್ಬೇಕು.”

“ಎಷ್ಟು ಹಾಕ್ತಾರ ಹಂಗಾದ್ರ?”

“ಟ್ಯೂಬ್‌ಲೆಸ್ ಇದ್ರ ಇಪ್ಪತ್ತು, ಇಪ್ಪತ್ತೈದು ಪಾಯಿಂಟ್.”

“ಇಪ್ಪತ್ತು? ಅಷ್ಟಿದ್ರ ನಾವು ಪಂಕ್ಚರ್ ಆಗೈತಿ ಅಂತ ಬಿಚ್ಚಿ ನೋಡ್ತೀವ್ರಿ.” ಯಜಮಾನರು ಎದ್ದು ಮೂಲೆಯಿಂದ ಒಂದು ಟ್ಯೂಬ್ ಎಳೆದು ತಂದರು. ಅಕ್ಕಪಕ್ಕದಲ್ಲೇ ಎರಡು ತೂತು, ಹಾವು ಕಚ್ಚಿದಂತೆ. “ನೋಡ್ರಿ, ಗಾಳಿ ಕಡಿಮಿ ಇಟ್ಟು ಕಲ್ಲಿನ ಮ್ಯಾಲ ಹಾರಿಸಿದ ಹುಡುಗನ ಟ್ಯೂಬಿದು. ಕಲ್ಲು ಅತ್ತ, ರಿಮ್ ಇತ್ತ, ನಡು ಸಿಕ್ಕಿದ್ದು ಟ್ಯೂಬು.”

ಇಬ್ಬರ ಮಾತೂ ಸರಿಯೇ. ಟ್ಯೂಬ್ ಇರುವ ಚಕ್ರದ ಗಾಳಿ ಇಳಿಸಿದರೆ ಯಜಮಾನರು ತೋರಿಸಿದ ಜೋಡಿ ತೂತು ಗ್ಯಾರಂಟಿ. ಅದಕ್ಕೇ ರೇಸಿನ ಸವಾರರು ಟ್ಯೂಬನ್ನೇ ಬಿಟ್ಟು, ಟಾಯರಿನೊಳಗೆ ರಬ್ಬರ್ ಹಾಲಿನಂಥ ದ್ರವ ಸುರಿದುಕೊಳ್ಳುತ್ತಾರೆ. ಮುಳ್ಳು ಚುಚ್ಚಿದ ಜಾಗಕ್ಕೆ ಆ ದ್ರವ ನುಗ್ಗಿ ಅಲ್ಲೇ ಹೆಪ್ಪುಗಟ್ಟಿ ತೂತು ಮುಚ್ಚುತ್ತದೆ. ರಾಯಚೂರು ಜಿಲ್ಲೆಯ ಬಿಸಿಲಲ್ಲಿ ಅದು ಬೇಗ ಒಣಗುತ್ತದೆ, ಆಗಾಗ ಹೊಸದಾಗಿ ಸುರಿಯಬೇಕು. ಅದರ ಖರ್ಚು ಬೇರೆ.

“ಮುಳ್ಳು ಅಂದ್ರಿ ನೋಡ್ರಿ,” ಎಂದು ಯಜಮಾನರು ಒಂದು ಡಬ್ಬಿ ಮುಚ್ಚಳ ತೆರೆದರು. ಪಂಕ್ಚರ್ ಟಾಯರುಗಳಿಂದ ಇಕ್ಕಳದಲ್ಲಿ ಕಿತ್ತ ಮುಳ್ಳುಗಳು. ಬಳ್ಳಾರಿ ಜಾಲಿಯವು ಉದ್ದಕ್ಕೆ, ಗಟ್ಟಿ. ನೆಗ್ಗಿನಮುಳ್ಳು ಸಣ್ಣದು, ಹೇಗೆ ಬಿದ್ದರೂ ಒಂದು ಮೊನೆ ಮೇಲಕ್ಕೇ. “ಸುಗ್ಗಿ ಮುಗಿದು ಹೊಲ ಒಣಗಿತಂದ್ರ ದಾರಿ ತುಂಬಾ ಇವು. ಜಾಲಿ ಚುಚ್ಚಿದ್ರ ಅಲ್ಲೇ ಗೊತ್ತಾಗ್ತೈತಿ. ನೆಗ್ಗಿನಮುಳ್ಳು ಚುಚ್ಚಿದ್ರ ಮನಿಗೆ ಹೋಗಿ ಮಲಗಿ ಎದ್ದಮ್ಯಾಲ ಗೊತ್ತಾಗ್ತೈತಿ. ಹಳೇ ಟ್ಯೂಬ್ ಸೀಳಿ ಟಾಯರಿನೊಳಗ ಪಟ್ಟಿ ಹಾಕ್ತೀನಿ ನಾನು. ಮುಳ್ಳು ಒಳಗಿನ ಟ್ಯೂಬ್ ಮುಟ್ಟಂಗಿಲ್ಲ.”

“ಭಾರ ಆಗ್ತೈತಿ ಕಾಕಾ.”

“ತಳ್ಕೊಂಡು ಬರೋದಕ್ಕಿಂತ ಭಾರ ಹೊತ್ಕೊಂಡು ಬರೋದು ಚಲೋ ಅಲ್ಲೇನ್ರಿ?”

ಶಿಕ್ಷಕರು ನಕ್ಕರು. ಅಭ್ಯಾಸಕ್ಕೆ ಕಾಕಾನ ಪಟ್ಟಿ, ರೇಸಿನ ದಿನಕ್ಕೆ ಟ್ಯೂಬ್‌ಲೆಸ್ ಎಂಬಲ್ಲಿಗೆ ರಾಜಿಯಾಯಿತು.

“ದೊಡ್ಡ ರೇಸಿನಾಗೂ ಪಂಕ್ಚರ್ ಆಗ್ತಾವೇನ್ರಿ?”

“ಆಗ್ತಾವ್ರಿ. ಪ್ಯಾರಿಸ್ ಒಲಿಂಪಿಕ್ಸಿನಾಗ ಚಿನ್ನ ಗೆದ್ದಂವಗೇ ಆಗಿತ್ತು.”

2024ರ ಜುಲೈ 29ರಂದು ನಡೆದ ಆ ರೇಸಿನ ಮಧ್ಯೆ ಬ್ರಿಟನ್ನಿನ ಟಾಮ್ ಪಿಡ್ಕಾಕ್ ಸೈಕಲ್ಲಿನ ಮುಂದಿನ ಚಕ್ರದ ಗಾಳಿ ಹೋಯಿತು. ಚಕ್ರ ಬದಲಿಸಿಕೊಂಡು ಹೊರಡುವಷ್ಟರಲ್ಲಿ ಮೂವತ್ತಕ್ಕೂ ಹೆಚ್ಚು ಸೆಕೆಂಡು ಕಳೆದಿತ್ತು. ಒಬ್ಬೊಬ್ಬರನ್ನೇ ಹಿಂದೆ ಹಾಕುತ್ತ ಬಂದು ಕೊನೆಯ ಸುತ್ತಿನಲ್ಲಿ ಫ್ರಾನ್ಸಿನ ವಿಕ್ಟರ್ ಕೊರೆಟ್ಸ್ಕಿಯನ್ನೂ ದಾಟಿ ಗೆದ್ದ. ಸವಾರನಿಗೆ ಎಲ್ಲೆಂದರಲ್ಲಿ ಹೊರಗಿನವರ ಸಹಾಯ ಸಿಗುವುದಿಲ್ಲ. ಚಕ್ರ, ಸ್ಪ್ಯಾನರ್ ಹಿಡಿದು ನಿಲ್ಲಲು ಗೊತ್ತಾದ ಜಾಗವಿರುತ್ತದೆ. ಅಲ್ಲಿಯವರೆಗೆ ಗಾಳಿ ಇಲ್ಲದ ಚಕ್ರದಲ್ಲೇ ಬರಬೇಕು, ಇಲ್ಲವೇ ಜೊತೆಗಿಟ್ಟುಕೊಂಡ ಸಾಮಾನಿನಲ್ಲಿ ತಾನೇ ರಿಪೇರಿ ಮಾಡಿಕೊಳ್ಳಬೇಕು. ಪಂಕ್ಚರ್ ಹಾಕಲು ಬಾರದವನು ಈ ಆಟಕ್ಕೆ ಇಳಿಯುವಂತಿಲ್ಲ ಎಂದು ಶಿಕ್ಷಕರು ಹೇಳಿದಾಗ ಯಜಮಾನರ ಮುಖ ಅರಳಿತು. ತಂಡದ ಮೊದಲ ತರಬೇತಿ ಎಲ್ಲಿ ನಡೆಯಬೇಕು ಎಂಬುದು ಅಲ್ಲಿಗೇ ಇತ್ಯರ್ಥವಾಯಿತು: ಇದೇ ಅಂಗಡಿಯ ನೀರಿನ ಬೋಗುಣಿಯ ಮುಂದೆ.

ಆ ಒಲಿಂಪಿಕ್ಸ್ ರೇಸ್ ನಡೆದ ಎಲಾಂಕೂರ್ ಗುಡ್ಡ ಹುಟ್ಟಾ ಗುಡ್ಡವಲ್ಲ. ಮೊದಲು ಕಲ್ಲಿನ ಕ್ವಾರಿ, ಆಮೇಲೆ ತ್ಯಾಜ್ಯ ಸುರಿದು ಸುರಿದು ಎದ್ದ ದಿಬ್ಬ. ಎತ್ತರ 231 ಮೀಟರ್. ಇದನ್ನು ಕೇಳಿದ್ದೇ ಯಜಮಾನರಿಗೆ ಹಟ್ಟಿ ನೆನಪಾಯಿತು. “ಹಂಗಾದ್ರ ನಮ್ಮ ಹಟ್ಟಿ ಗಣಿ ದಿಬ್ಬ ಯಾಕಾಗಬಾರ್ದು?”

“ಬ್ಯಾಡ್ರಿ ಕಾಕಾ. ಅದು ಅದಿರು ಅರೆದು ಬಂಗಾರ ತಗದು ಉಳಿದ ಪುಡಿ. ಸೈನೈಡ್ ಹಾಕಿ ತಗಿತಾರ. ಆ ಧೂಳು ಹುಡುಗ್ರ ಎದಿಗೆ ಹೋಗೋದು ಬ್ಯಾಡ.”

ಮಸ್ಕಿಯ ಗುಡ್ಡವೂ ಪಟ್ಟಿಯಿಂದ ಹೊರಗೆ. ಚಿನ್ನ ಹುಡುಕುತ್ತಿದ್ದ ಗಣಿ ಎಂಜಿನಿಯರ್ ಸಿ. ಬೀಡನ್ 1915ರಲ್ಲಿ ಅಲ್ಲಿ ಅಶೋಕನ ಶಾಸನ ಕಂಡರು. ‘ದೇವಾನಾಂಪ್ರಿಯ’ನೆಂದರೆ ಅಶೋಕನೇ ಎಂದು ಹೆಸರಿನ ಸಮೇತ ಗಟ್ಟಿಯಾದದ್ದು ಆ ಬಂಡೆಯಿಂದ. ಗುಡ್ಡದ ಸುತ್ತಿನ ನೆಲದಲ್ಲಿ ಶಾಸನಕ್ಕಿಂತಲೂ ಹಳೆಯ ಕಾಲದ ಮಡಕೆ ಚೂರುಗಳಿವೆ. ಅಲ್ಲಿ ಟಾಯರ್ ಉರುಳಿಸುವುದು ತಪ್ಪು. ಮುದಗಲ್ಲಿನ ಕೋಟೆಯ ಏರು ನೋಡಿದರೆ ಯಾವ ಸವಾರನಿಗೂ ಕಾಲು ತುರಿಸುತ್ತದೆ. ಆದರೂ ಬೇಡ, ಕೋಟೆಯ ಹೊರಗೆ ಬೇಕಾದಷ್ಟು ದಾರಿಗಳಿವೆ.

ಹಾಗಾದರೆ ಎಲ್ಲಿ? ಇಲ್ಲಿ ಯಜಮಾನರ ಮಾತಿಗೆ ತೂಕ ಬಂತು. ಶಿಕ್ಷಕರು ಸಿಂಧನೂರು ಕಡೆಯ ಕಾಲುವೆ ದಂಡೆಯ ದಾರಿಗಳನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದರು: ತುಂಗಭದ್ರಾ ಎಡದಂಡೆ, ಉಪಕಾಲುವೆಗಳು, ನೆಟ್ಟಗೆ ಮೈಲುಗಟ್ಟಲೆ.

“ಸಪಾಟ ದಾರಿ ಸರ ಅದು. ಕಾಲಿಗೆ ದಮ್ಮು ಬರ್ತೈತಿ, ಗುಡ್ಡ ಹತ್ತೋದು ಬರಂಗಿಲ್ಲ. ಮತ್ತ ಎರಿ ಭೂಮಿ. ಒಂದು ಮಳಿ ಬಿತ್ತಂದ್ರ ಮಣ್ಣು ಟಾಯರಿಗೆ ಸುತ್ಕೊಂಡು ಮಡ್‌ಗಾರ್ಡ್ ತುಂಬಿ ಚಕ್ರ ತಿರುಗೂದ ಇಲ್ಲ. ಸೈಕಲ್ ಹೆಗಲ ಮ್ಯಾಲ ಇಟ್ಕೊಂಡು ಬರ್ಬೇಕಾಗ್ತೈತಿ.”

“ಹಂಗಾದ್ರ?”

“ಮಸಾರಿ ನೆಲ ನೋಡ್ರಿ. ಗರಸು ಐತಿ, ಕಲ್ಲೈತಿ, ಸಣ್ಣ ಗುಡ್ಡ ಅದಾವ. ರಾತ್ರಿ ಮಳಿ ಬಂದ್ರ ಮರುದಿನ ಮಧ್ಯಾಹ್ನಕ್ಕ ಒಣಗಿರ್ತೈತಿ. ಕುರಿ ಹೋಗೋ ದಾರಿ ಹಿಡೀರಿ. ಕುರಿಗಳಿಗಿಂತ ಚಲೋ ದಾರಿ ಯಾವ ಎಂಜಿನಿಯರೂ ಹಾಕಂಗಿಲ್ಲ.”

ಪ್ಯಾರಿಸ್ಸಿನ ಸುತ್ತು 4.4 ಕಿಲೋಮೀಟರಿನದು. ದೊಡ್ಡ ಸ್ಪರ್ಧೆಗಳ ಸುತ್ತುಗಳು ಹೆಚ್ಚುಕಡಿಮೆ ಈ ಅಳತೆಯವೇ; ಏರು, ಇಳಿಜಾರು, ಕಲ್ಲು, ಕಿರುದಾರಿ ಎಲ್ಲ ಅದರೊಳಗೇ ಬರಬೇಕು, ಅದನ್ನೇ ಮತ್ತೆ ಮತ್ತೆ ಸುತ್ತಬೇಕು. ಲಿಂಗಸುಗೂರಿನ ಸುತ್ತಲಿನ ಕಲ್ಲುಗುಡ್ಡಗಳಲ್ಲಿ ಇಂಥ ಒಂದು ಸುತ್ತು ಗುರುತಿಸಲು ಸುಣ್ಣದ ಪುಡಿ, ಹಳೆಯ ಸೀರೆಯ ಚೂರುಗಳು ಮತ್ತು ಒಂದು ಬೆಳಗು ಸಾಕು. ಹೊಲದವರ, ಅರಣ್ಯ ಇಲಾಖೆಯವರ ಒಪ್ಪಿಗೆ ಪಡೆಯುವುದಕ್ಕೆ ಹೆಚ್ಚು ದಿನ ಹಿಡಿಯುತ್ತದೆ.

“ಸರ, ಈ ಆಟ ಹುಟ್ಟಿದ್ದಾದ್ರೂ ಎಲ್ಲಿ? ಹಿಮಾಲಯದಾಗೇನು?”

ಅಲ್ಲ, ಕ್ಯಾಲಿಫೋರ್ನಿಯದಲ್ಲಿ. ಸ್ಯಾನ್ ಫ್ರಾನ್ಸಿಸ್ಕೊ ಸಮೀಪದ ಮರಿನ್ ಕೌಂಟಿಯ ಹುಡುಗರು ಗುಜರಿಯಿಂದ ತಂದ ದಪ್ಪ ಟಾಯರಿನ ಹಳೆಯ ಸೈಕಲ್ಲುಗಳನ್ನು ಮಣ್ಣಿನ ಇಳಿಜಾರಿನಲ್ಲಿ ಬಿಡುತ್ತಿದ್ದರು. 1976ರಲ್ಲಿ ಅದಕ್ಕೆ ಗಡಿಯಾರ ಹಿಡಿದು ರೇಸು ಮಾಡಿದರು. ಪೆಡಲ್ ಹಿಂದಕ್ಕೆ ಒತ್ತಿದರೆ ಹಿಡಿಯುವ ಬ್ರೇಕು. ಇಳಿಯುವಷ್ಟರಲ್ಲಿ ಹಬ್ ಕಾದು ಗ್ರೀಸ್ ಹೊಗೆಯಾಡಿ ಹೋಗುತ್ತಿತ್ತು, ಪ್ರತಿ ಸಲವೂ ಹೊಸ ಗ್ರೀಸ್ ತುಂಬಬೇಕು. ಹಾಗೆಂದೇ ಆ ರೇಸಿಗೆ ‘ರೀಪ್ಯಾಕ್’ ಎಂದು ಹೆಸರಾಯಿತು. ಅಲ್ಲಿಂದ ಇಪ್ಪತ್ತು ವರ್ಷಕ್ಕೆ, 1996ರ ಅಟ್ಲಾಂಟಾದಲ್ಲಿ, ಒಲಿಂಪಿಕ್ಸ್ ಬಾಗಿಲು ತೆರೆಯಿತು. ಈ ಕಥೆಯಲ್ಲಿ ಯಜಮಾನರಿಗೆ ಹಿಡಿಸಿದ್ದು ಒಲಿಂಪಿಕ್ಸ್ ಅಲ್ಲ, ಗ್ರೀಸು. “ಗುಜರಿ ಸೈಕಲ್ ಅಂದ್ರ ನಮ್ಮೋರ ಬಿಡ್ರಿ,” ಎಂದರು.

ಗುಜರಿಯ ಮಾತು ಬಂದಮೇಲೆ ದುಡ್ಡಿನ ಮಾತು ಬಂದೇ ಬರಬೇಕು. ಬೆಂಗಳೂರಿನ ಸುತ್ತ ಮರಗಳ ನಡುವೆ ವಾರದ ಕೊನೆಗೆ ಓಡುವ ಸೈಕಲ್ಲುಗಳಲ್ಲಿ ಲಕ್ಷ ದಾಟಿದವು ಎಷ್ಟೋ. ಲಿಂಗಸುಗೂರಿನ ಹುಡುಗನ ಕೈಲಿರುವುದು ಎರಡು ಬಗೆ. ಒಂದು, ನೋಡಲಷ್ಟೇ ಗುಡ್ಡದ ಸೈಕಲ್: ಮುಂದೆ ಸ್ಪ್ರಿಂಗ್, ಹಿಂದೆ ಸ್ಪ್ರಿಂಗ್, ಹೊಳೆಯುವ ಬಣ್ಣ, ಮೈತುಂಬ ಕಬ್ಬಿಣ. ತುಳಿದ ಶಕ್ತಿಯ ಪಾಲು ಸ್ಪ್ರಿಂಗಿಗೇ ಹೋಗುತ್ತದೆ. ಇನ್ನೊಂದು, ಅಣ್ಣನಿಗೋ ಅಕ್ಕನಿಗೋ ಎಂಟನೇ ತರಗತಿಯಲ್ಲಿ ಸಿಕ್ಕ ಸರ್ಕಾರಿ ಸೈಕಲ್.

ರಾಜ್ಯ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡಲು ಶುರು ಮಾಡಿದ್ದು 2006-07ರಲ್ಲಿ. ಕೋವಿಡ್ ಬಂದಮೇಲೆ ಯೋಜನೆ ನಿಂತಿತು. ವಿತರಣೆಯ ಗುಣಮಟ್ಟದ ಬಗ್ಗೆ ಜಗಳ ಏನೇ ಇದ್ದರೂ, ಹಳ್ಳಿಯ ಹೆಣ್ಣುಮಕ್ಕಳನ್ನು ಸೈಕಲ್ ಮೇಲೆ ಕೂರಿಸಿದ ಶ್ರೇಯಸ್ಸು ಅದಕ್ಕೇ ಸಲ್ಲಬೇಕು. ನಿಲ್ಲಿಸಬಾರದಿತ್ತು.

“ಆ ಸೈಕಲ್ಲಿನ ಕ್ಯಾರಿಯರ್, ಸ್ಟ್ಯಾಂಡ್, ಮಡ್‌ಗಾರ್ಡ್ ತಗದು ಕೊಡ್ತೀರೇನ್ರಿ ಕಾಕಾ? ಅಭ್ಯಾಸಕ್ಕ ಅದೇ ಸಾಕು.”

“ತಗೀತೀನಿ. ಗೇರ್ ಇಲ್ಲದ್ದಕ್ಕ ಹತ್ತುವಾಗ ಇಳಿದು ತಳ್ಳಲಿ, ತೊಂದರಿಲ್ಲ. ಇಳಿಯೋವಾಗ ಬ್ರೇಕ್ ಹಿಡೀದಿದ್ರ? ಬ್ರೇಕ್ ರಬ್ಬರ್, ವೈರ್ ಎಲ್ಲಾ ಹೊಸಾದು ಹಾಕೇ ಬಿಡ್ತೀನಿ. ಇಲ್ಲಾಂದ್ರ ನನ್ನ ಅಂಗಡಿಯಿಂದ ಸೈಕಲ್ ಹೊರಗ ಹೋಗಂಗಿಲ್ಲ.”

ಜಿಲ್ಲೆ ದಾಟಿ ರಾಜ್ಯಮಟ್ಟಕ್ಕೆ ಹೋಗುವವರಿಗೆ ಮಾತ್ರ ನಿಜವಾದ ರೇಸ್ ಸೈಕಲ್ ಬೇಕು. ತಂಡಕ್ಕೆ ಅಂಥವು ಎರಡು ಸಿಕ್ಕರೂ ಹಂಗಾಮು ನಡೆಯುತ್ತದೆ, ಹಂಚಿಕೊಂಡು ಓಡಿಸಬಹುದು ಎಂಬುದು ಶಿಕ್ಷಕರ ಲೆಕ್ಕ. ದಾನಿಗಳು ಮುಂದೆ ಬಂದರೆ ಮೊದಲು ಜೆರ್ಸಿ ಕೊಡಿಸುತ್ತಾರೆ, ಅದರ ಮೇಲೆ ತಮ್ಮ ಹೆಸರು ಬರುತ್ತದಲ್ಲ! ಟಾಯರಿನೊಳಗಿನ ದ್ರವದ ಮೇಲೆ ಯಾರ ಹೆಸರೂ ಬರುವುದಿಲ್ಲ.

ಶಿಕ್ಷಕರಿಗೆ ಈ ಹುಚ್ಚು ಹತ್ತಿದ್ದು 2021ರ ಫೆಬ್ರುವರಿಯಲ್ಲಿ. ಗದಗ ಮಗ್ಗುಲಿನ ಬಿಂಕದಕಟ್ಟಿಯಲ್ಲಿ ರಾಷ್ಟ್ರೀಯ ಮೌಂಟನ್ ಬೈಕ್ ಚಾಂಪಿಯನ್‌ಷಿಪ್ ನಡೆದಾಗ ಬೇಲಿಯಾಚೆ ನಿಂತು ನೋಡಿದ್ದರು. ಸೇನೆಯ ಸವಾರರು, ಬೇರೆ ಬೇರೆ ರಾಜ್ಯಗಳ ಹುಡುಗರು, ಎಲ್ಲರೂ ಬಂದು ಇಳಿದದ್ದು ಉತ್ತರ ಕರ್ನಾಟಕದ ಒಣ ಗುಡ್ಡಕ್ಕೆ. ರಾಷ್ಟ್ರಮಟ್ಟದ ಈ ಆಟಕ್ಕೆ ಹಿಮವೂ ಬೇಡ, ಪೈನ್ ಮರವೂ ಬೇಡ ಎಂದು ಅವರಿಗೆ ಗೊತ್ತಾದದ್ದು ಅಲ್ಲಿ. 2023ರ ಅಕ್ಟೋಬರಿನಲ್ಲಿ ಏಷ್ಯನ್ ಚಾಂಪಿಯನ್‌ಷಿಪ್ ಕೇರಳದ ಪೊನ್ಮುಡಿಗೇ ಬಂತು.

“ನಮ್ಮ ಕಡೆ ಸೈಕಲ್ ರೇಸ್ ಇಲ್ಲ ಅಂತಲ್ರಿ,” ಎಂದರು ಯಜಮಾನರು. “ಜಾತ್ರ್ಯಾಗ ಡಾಂಬರ್ ರೋಡ್ ಮ್ಯಾಲ ಬಿಡ್ತಾರ. ಕಲ್ಲು ಎತ್ತೋದು, ತೆರಬಂಡಿ, ಸೈಕಲ್ಲು. ನಾನೂ ಹರೇದಾಗ ಓಡಿಸೀನಿ, ಒಂದು ಸ್ಟೀಲ್ ಕೊಡ ಗೆದ್ದೀನಿ. ಎಲ್ಲಾ ಬಾಗಲಕೋಟಿ, ವಿಜಾಪುರದ ಹುಡುಗ್ರೇ ಬಂದು ಹೊಡ್ಕೊಂಡು ಹೋಗ್ತಾರ.”

ಹೊಡೆದುಕೊಂಡು ಹೋಗುವುದಕ್ಕೆ ಕಾರಣವಿದೆ. ವಿಜಯಪುರ, ಬಾಗಲಕೋಟೆಯ ಕ್ರೀಡಾ ವಸತಿ ನಿಲಯಗಳಲ್ಲಿ, ಬೆಳಗಾವಿ ಜಿಲ್ಲೆಯ ಚಂದರಗಿ ಕ್ರೀಡಾಶಾಲೆಯಲ್ಲಿ ಸೈಕ್ಲಿಂಗ್ ಬೇರು ಬಿಟ್ಟಿದೆ. ಊಟ, ಕೋಚ್, ಸೈಕಲ್ ಮೂರೂ ಒಂದೇ ಕಡೆ ಸಿಕ್ಕರೆ ರೈತರ ಮಕ್ಕಳು ಏನು ಮಾಡಬಲ್ಲರು ಎಂಬುದನ್ನು ಅಲ್ಲಿಯವರು ರಾಷ್ಟ್ರಮಟ್ಟದ ಪದಕಗಳಲ್ಲಿ ತೋರಿಸಿದ್ದಾರೆ. ರೈಲ್ವೆಯಲ್ಲೋ ಸೇನೆಯಲ್ಲೋ ನೌಕರಿ ಹಿಡಿದವರೂ ಇದ್ದಾರೆ. ಲಿಂಗಸುಗೂರಿನ ತಾಯಿಯೊಬ್ಬಳು ಮಗನನ್ನು ಗುಡ್ಡಕ್ಕೆ ಕಳಿಸುವಾಗ ಕೇಳುವ ಮೊದಲ ಪ್ರಶ್ನೆಗೆ ಅಲ್ಲಿ ಉತ್ತರವಿದೆ.

“ಒಂದು ಮಾತು ಕೇಳ್ತೀನಿ ಸರ. ಒಬ್ಬೊಬ್ಬಂವ ತನ್ನ ಪಾಡಿಗೆ ತಾನು ತುಳೀಬೇಕು. ಇದರಾಗ ತಂಡ ಅಂದ್ರೇನು?”

ಒಳ್ಳೆಯ ಪ್ರಶ್ನೆ. ಡಾಂಬರು ರಸ್ತೆಯ ರೇಸಿನಲ್ಲಿ ತಂಡದವನ ಬೆನ್ನ ಹಿಂದೆ ಗಾಳಿ ತಪ್ಪಿಸಿಕೊಂಡು ಹೋಗಬಹುದು. ಗುಡ್ಡದ ಏರಿನಲ್ಲಿ, ಒಬ್ಬರೇ ಹಿಡಿಸುವ ದಾರಿಯಲ್ಲಿ ಆ ಉಪಕಾರ ಕಡಿಮೆ. ತಂಡವಾಗಿ ಓಡುವುದು ರಿಲೇಯಲ್ಲಿ ಮಾತ್ರ. ಮಿಕ್ಕಂತೆ ತಂಡವೆಂದರೆ ನೀರಿನ ಬಾಟಲಿ ಚಾಚಿ ನಿಂತ ಕೈ, ಒಂದೇ ಟೆಂಪೊ ಬಾಡಿಗೆ ಹಂಚಿಕೊಂಡ ಎಂಟು ಮನೆ, ಸೋತವನ ಸೈಕಲ್ ತೊಳೆಯುವ ಗೆಳೆಯ. ಸೋಲುವುದಂತೂ ಆರಂಭದಲ್ಲಿ ಖಚಿತ. ಮುಂದಿರುವವನ ಮೊದಲ ಸುತ್ತಿನ ವೇಳೆಯ ಶೇ 80ರಷ್ಟು ಅಂತರಕ್ಕೆ ಹಿಂದೆ ಬಿದ್ದವರನ್ನು ಅಂತರರಾಷ್ಟ್ರೀಯ ನಿಯಮದಂತೆ ರೇಸಿನಿಂದ ಹೊರಗೆ ತೆಗೆಯುತ್ತಾರೆ. ಮೊದಲಿಗ 15 ನಿಮಿಷದಲ್ಲಿ ಒಂದು ಸುತ್ತು ಮುಗಿಸಿದ್ದರೆ, 12 ನಿಮಿಷ ಹಿಂದೆ ಬಿದ್ದವನ ಆಟ ಮುಗಿಯಿತು. ಇದನ್ನು ಹುಡುಗರಿಗೆ ಮೊದಲೇ ಹೇಳಿಡದಿದ್ದರೆ, ಅಧಿಕಾರಿ ಕೈ ಅಡ್ಡ ಹಿಡಿದಾಗ ಅವಮಾನವಾಯಿತೆಂದು ಮನೆಗೆ ಹೋದವರು ಮತ್ತೆ ಬರುವುದಿಲ್ಲ.

ಇಷ್ಟು ಹೊತ್ತು ಮಾತು ಸರಾಗವಾಗಿ ಬಂದಿತ್ತು. ತಾರೀಖಿಗೆ ಬಂದಾಗ ಗಂಟುಬಿತ್ತು.

“ಹಂಗಾಮು ಯಾವಾಗ ಅಂದ್ರಿ?”

“ದೀಪಾವಳಿ ಮುಗಿಸಿ ಶುರು ಮಾಡೋಣಂತ. ಬಿಸಿಲು ಕಡಿಮಿ ಇರ್ತೈತಿ, ಬ್ಯಾಸಿಗಿ ಬರೋತನ ಓಡಿಸಬಹುದು.”

ಯಜಮಾನರು ಪಾನಾ ಕೆಳಗಿಟ್ಟರು. “ಆವಾಗ ಹುಡುಗ್ರು ಎಲ್ಲಿರ್ತಾರ ಸರ?”

ಶಿಕ್ಷಕರು ಸುಮ್ಮನಾದರು. ಲಿಂಗಸುಗೂರು, ಮಸ್ಕಿಯ ಒಣಭೂಮಿಯ ಹಳ್ಳಿ, ತಾಂಡಾಗಳಲ್ಲಿ ಹಿಂಗಾರು ಕೈಕೊಟ್ಟಿತೆಂದರೆ ಗುಳೆ. ಬೆಂಗಳೂರು, ಪುಣೆಯ ಕಟ್ಟಡ ಕೆಲಸಕ್ಕೆ ಗಂಡ-ಹೆಂಡತಿ ಹೊರಡುತ್ತಾರೆ. ದೊಡ್ಡ ಮಗ ಜೊತೆಗೆ ಹೋಗುತ್ತಾನೆ, ಇಲ್ಲವೇ ಅಜ್ಜಿಯ ಜೊತೆ ಉಳಿದು ದನ, ತಮ್ಮ, ತಂಗಿಯರನ್ನು ನೋಡಿಕೊಳ್ಳುತ್ತಾನೆ. ಉಳಿದವರಿಗೆ ಹತ್ತಿ ಬಿಡಿಸುವ ಕೂಲಿ. ನೀರಾವರಿಯ ಸಿಂಧನೂರಿಗೆ ಇದೇ ದಿನಗಳಲ್ಲಿ ಬೇರೆ ಕಡೆಯವರು ಭತ್ತದ ಕೆಲಸಕ್ಕೆ ಬರುತ್ತಾರೆ. ಒಂದು ಬಸ್ಸಿನ ದೂರದ ಎರಡು ತಾಲ್ಲೂಕು, ಒಂದರಲ್ಲಿ ಜನ ಖಾಲಿ, ಇನ್ನೊಂದರಲ್ಲಿ ಭರ್ತಿ. ಸೈಕ್ಲಿಂಗಿಗೆ ಹವೆ ಚೆನ್ನಾಗಿರುವ ತಿಂಗಳುಗಳೇ ಗುಳೆಯ ತಿಂಗಳುಗಳು. ಯಾವ ತರಬೇತಿ ಕೈಪಿಡಿಯಲ್ಲೂ ಈ ಅಧ್ಯಾಯವಿಲ್ಲ.

“ಹಂಗಾದ್ರ ಮಳಿಗಾಲದಾಗೇ ಮೊದಲ್ನೇ ರೇಸ್ ಇಟ್ರ ಹೆಂಗ್ರಿ?” ಶಿಕ್ಷಕರೇ ಕೇಳಿದರು.

“ಅದನ್ನ ಹೇಳಾಕ ಬಂದೀನಿ. ಮುಂಗಾರು ಬಿತ್ತಿ ಎಡಿ ಹೊಡದಮ್ಯಾಲ ಒಂದು ಬಿಡುವು ಸಿಗ್ತೈತಿ. ಮನ್ಯಾಗ ಎಲ್ಲಾರೂ ಇರ್ತಾರ. ಮುಳ್ಳು ಹಸಿ ಇರ್ತಾವ, ಅಷ್ಟು ಚುಚ್ಚಂಗಿಲ್ಲ. ಎರಿ ಬಿಟ್ಟು ಮಸಾರಿ ಹಿಡೀರಿ, ಆತಲ್ಲ.”

“ರಾಜ್ಯದ ಆಯ್ಕೆ ಅವರು ಹೇಳಿದ ದಿನಕ್ಕೇ ಇರ್ತೈತಿ ಕಾಕಾ.”

“ಇರ್ಲಿ. ಅದಕ್ಕ ಇಬ್ಬರೋ ಮೂವರೋ ಹೋಗ್ತಾರ. ಉಳಿದವ್ರು ಏನು ಮಾಡ್ಬೇಕು? ಅವ್ರಿಗೂ ಒಂದು ರೇಸ್ ಬೇಕಲ್ರಿ.”

ಶಿಕ್ಷಕರು ಯೋಜನೆಯ ಕಾಗದ ಮಡಿಸಿ ಜೇಬಿಗಿಟ್ಟು ಹೊಸದೊಂದು ಹಾಳೆ ತೆಗೆದರು. ಅದರಲ್ಲಿ ಜೆರ್ಸಿ ಇಲ್ಲ, ಉದ್ಘಾಟನೆ ಇಲ್ಲ. ಶ್ರಾವಣದಲ್ಲಿ ಮಳೆ ಬಿಡುವು ಕೊಟ್ಟ ಒಂದು ಭಾನುವಾರ, ಕುರಿದಾರಿಯ ಸುತ್ತು, ಸಣ್ಣವರಿಗೆ ಎರಡು, ದೊಡ್ಡವರಿಗೆ ನಾಲ್ಕು. ಸರ್ಕಾರಿ ಸೈಕಲ್ಲಿಗೆ ಬೇರೆ ವಿಭಾಗ. ಹುಡುಗಿಯರ ಸುತ್ತು ಬೇರೆ ಮಾಡುವುದೇ ಎಂದು ಯಜಮಾನರು ಕೇಳಿದರು; ಪ್ಯಾರಿಸ್ಸಿನಲ್ಲಿ ಹೆಂಗಸರು ಓಡಿದ್ದೂ ಅದೇ ಗುಡ್ಡದಲ್ಲಿ ಎಂದು ಶಿಕ್ಷಕರು ಹೇಳಿದ ಮೇಲೆ ಆ ಚರ್ಚೆ ಮುಂದುವರಿಯಲಿಲ್ಲ.

ಸೈಕ್ಲಿಂಗಿನಲ್ಲಿ ವಯಸ್ಸಿನ ವಿಭಾಗವನ್ನು ಆಯಾ ವರ್ಷದ ಡಿಸೆಂಬರ್ 31ಕ್ಕೆ ತುಂಬುವ ವಯಸ್ಸಿನ ಮೇಲೆ ಲೆಕ್ಕ ಹಾಕುತ್ತಾರೆ, ಆದ್ದರಿಂದ ಹೆಸರು ಕೊಡುವವರು ಜನ್ಮದಿನಾಂಕದ ದಾಖಲೆ ತರಬೇಕು. ಸೈಕಲ್ಲನ್ನು ಹಿಂದಿನ ದಿನವೇ ಅಂಗಡಿಗೆ ತಂದು ಬ್ರೇಕ್ ತೋರಿಸಬೇಕು. ಹೆಲ್ಮೆಟ್ ಇಲ್ಲದವರನ್ನು ಗೆರೆಯ ಮೇಲೆ ನಿಲ್ಲಿಸುವುದಿಲ್ಲ.